ರಾತ್ರಿ ಮುಕ್ತ ಫೈಬರ್ ಮತ್ತು 43 ಜಿಬಿಯ ಆಟ

ಪೇಟೆಯ ಕೇಬಲ್ ಟಿವಿಯವರು ಸುಳ್ಯ ತಾಲೂಕಿನ ನಮ್ಮ ಹಳ್ಳಿಯವರೆಗೆ ಎಳೆದ ಫೈಬರ್ ಸಂಪರ್ಕದ ಬಗ್ಗೆ ಬರೆಯುತ್ತಿದ್ದೇನೆ. ದೂರೂ ಇರುವುದರಿಂದ ಅವರ ಹೆಸರು ಬೇಡ. ಯೋಜನೆ ಹೀಗಿದೆ: ಡೌನ್‌ಲೋಡ್ 50 ಎಂಬಿಪಿಎಸ್, ಅಪ್‌ಲೋಡ್ 20, ತಿಂಗಳಿಗೆ 300 ಜಿಬಿ. ಮಿತಿ ಮುಗಿದ ಮೇಲೆ ವೇಗ 2 ಎಂಬಿಪಿಎಸ್‌ಗೆ ಇಳಿಯುತ್ತದೆ. ನಡುರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಆರರವರೆಗಿನ ಬಳಕೆ ಲೆಕ್ಕಕ್ಕಿಲ್ಲ. ಜಾಹೀರಾತಿನಲ್ಲಿ 599 ರೂಪಾಯಿ ಎಂದಿದೆ, ಶೇ. 18ರ ಜಿಎಸ್‌ಟಿ ಸೇರಿ ಕೈಯಿಂದ ಹೋಗುವುದು 707. ನಾನು ಇದನ್ನು ಹಾಕಿಸಿಕೊಂಡದ್ದು ಆ ರಾತ್ರಿಯ ಆರು ಗಂಟೆಗಳಿಗಾಗಿ.

ನಾನು ಯಕ್ಷಗಾನದ ಆಟಗಳನ್ನು ಚಿತ್ರೀಕರಿಸುತ್ತೇನೆ. ಹರಕೆಯ ಆಟ ಆಡಿಸುವ ಮನೆಯ ಮಕ್ಕಳು ಮುಂಬೈಯಲ್ಲೋ ಮಸ್ಕತ್‌ನಲ್ಲೋ ಇರುತ್ತಾರೆ. ಮರುದಿನ ಕೆಲಸ ಮುಗಿಸಿ ಬಂದು ಪೂರ್ತಿ ಆಟ ನೋಡಬೇಕೆಂಬುದು ಅವರ ಆಸೆ. ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡಿ ಕಳುಹಿಸಲು ನನಗೆ ಮನಸ್ಸು ಬರುವುದಿಲ್ಲ. ದೊಂದಿಯ ಉರಿಗೆ ರಾಳದ ಪುಡಿ ಎರಚುತ್ತಾ ಮಹಿಷಾಸುರ ಜನರ ನಡುವಿನಿಂದ ರಂಗಸ್ಥಳಕ್ಕೆ ನುಗ್ಗುವಾಗ, ಹಿಂಡಿದ ವಿಡಿಯೋದಲ್ಲಿ ಕಾಣುವುದು ಕಿತ್ತಳೆ ಬಣ್ಣದ ಚೌಕಗಳು ಮಾತ್ರ. ಆ ಪ್ರವೇಶವನ್ನೇ ಹಾಳುಮಾಡಿದ ಮೇಲೆ ಉಳಿದದ್ದನ್ನು ಯಾಕೆ ಕಳುಹಿಸಬೇಕು?

ಕ್ಯಾಮೆರಾ ದಾಖಲಿಸುವುದು 16 ಎಂಬಿಪಿಎಸ್ ದರದಲ್ಲಿ, ಅಂದರೆ ಗಂಟೆಗೆ 7.2 ಜಿಬಿ. ಆರು ಗಂಟೆಯ ಆಟಕ್ಕೆ 43 ಜಿಬಿ. ಹಗಲು ಕಳುಹಿಸಿದರೆ ಏಳು ಆಟಗಳಿಗೆ ತಿಂಗಳ ಮಿತಿ ಖಾಲಿ. ಈಗ ಹಲವು ಮೇಳಗಳ ಆಟ ಕಾಲಮಿತಿಯದ್ದು; ಸಂಜೆ ಶುರುವಾಗಿ ನಡುರಾತ್ರಿಗೆ ಮಂಗಳವಾಗುತ್ತದೆ. ಮನೆಗೆ ಬಂದು ಒಂದು ಗಂಟೆಗೆ ಅಪ್‌ಲೋಡ್‌ಗೆ ಹಾಕಿದರೆ, 20 ಎಂಬಿಪಿಎಸ್ ವೇಗದಲ್ಲಿ ನಾಲ್ಕು ಮುಕ್ಕಾಲು ಗಂಟೆ ಬೇಕು. ಆರಕ್ಕೆ ತುಸು ಮೊದಲು ಮುಗಿಯುತ್ತದೆ. ನಡುವೆ ಅರ್ಧ ಗಂಟೆ ಲೈನ್ ಹೋದರೆ ಉಳಿದದ್ದು ಹಗಲಿನ ಲೆಕ್ಕಕ್ಕೆ ಬೀಳುತ್ತದೆ. ಹಾಗಾಗಿ ರಾತ್ರಿ ಉಚಿತ ಎಂಬ ಮಾತಿಗೆ ಬೆಲೆ ಬರುವುದು ಲೈನ್ ಬೆಳಗಿನವರೆಗೆ ಕಡಿಯದೆ ಉಳಿದರೆ ಮಾತ್ರ.

ರಾತ್ರಿಯ ರಿಯಾಯಿತಿ ಹೊಸದೇನಲ್ಲ. ದೂರವಾಣಿಯ ತಾಮ್ರದ ತಂತಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಕೊಡುತ್ತಿದ್ದ ಕಾಲದಲ್ಲಿ, 500 ರೂಪಾಯಿಯ ಯೋಜನೆಗೆ ತಿಂಗಳಿಗೆ 2.5 ಜಿಬಿ ಮಿತಿಯಿತ್ತು. ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಮುಕ್ತ. ಎರಡು ಗಂಟೆ ದಾಟಿದ ಮೇಲೆ ಮೋಡೆಮ್ ಆರಿಸಿ ಮತ್ತೆ ಹಾಕಿ ಹೊಸದಾಗಿ ಸಂಪರ್ಕ ಪಡೆಯುತ್ತಿದ್ದೆವು, ಎಂಟಕ್ಕೆ ಮೊದಲೇ ಬಿಡುತ್ತಿದ್ದೆವು. ಹಳೆಯ ಸಂಪರ್ಕವೇ ಮುಂದುವರಿದರೆ ಹಗಲಿನ ಲೆಕ್ಕಕ್ಕೆ ಸೇರೀತು ಎಂಬ ಭಯ. ಈಗಿನವರ ಗ್ರಾಹಕ ಪುಟವನ್ನು ಆ ಅಭ್ಯಾಸದಿಂದಲೇ ಪರೀಕ್ಷಿಸಿದೆ. ನಡುರಾತ್ರಿಗೆ 112.4 ಜಿಬಿ ತೋರಿಸುತ್ತಿತ್ತು. ಒಂದು ಇಡೀ ಆಟ ಹೋದ ಮೇಲೆ ಬೆಳಿಗ್ಗೆ ಏಳಕ್ಕೆ 112.6. ಮೋಡೆಮ್ ಮುಟ್ಟಿರಲಿಲ್ಲ. ಲೆಕ್ಕದಲ್ಲಿ ಇವರು ಪ್ರಾಮಾಣಿಕರು.

ಇದರಲ್ಲಿ ಅವರಿಗೆ ನಷ್ಟವೂ ಇಲ್ಲ. ಸ್ಥಳೀಯ ಸಂಸ್ಥೆ ಮೇಲಿನ ದೊಡ್ಡ ಕಂಪನಿಗಳಿಂದ ಬ್ಯಾಂಡ್‌ವಿಡ್ತ್ ಕೊಳ್ಳುವುದು ಸಂಜೆಯ ದಟ್ಟಣೆಗೆ ತಕ್ಕಂತೆ. ಊರು ಮಲಗಿದ ಮೇಲೆ ಅದು ಸುಮ್ಮನೆ ಬಿದ್ದಿರುತ್ತದೆ. ಇದೇ ನ್ಯಾಯವನ್ನು ಹಗಲಿನ ಅಪ್‌ಲೋಡ್‌ಗೂ ಅನ್ವಯಿಸಬೇಕೆಂದು ನನ್ನ ಬಲವಾದ ವಾದ. ಒಂದೇ ಎಳೆಯ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಜಿಪಾನ್ ಫೈಬರಿನಲ್ಲಿ ಬರುವ ದತ್ತಾಂಶಕ್ಕೂ ಹೋಗುವ ದತ್ತಾಂಶಕ್ಕೂ ಬೇರೆ ಬೇರೆ ತರಂಗಾಂತರದ ಬೆಳಕು. ಬರುವುದಕ್ಕೆ ಸುಮಾರು 2.5 ಜಿಬಿಪಿಎಸ್, ಹೋಗುವುದಕ್ಕೆ 1.25. ಹಳ್ಳಿಯಲ್ಲಿ ನೋಡುವವರೇ ಹೆಚ್ಚು, ಕಳುಹಿಸುವವರು ವಿರಳ. ನಾನು ಮಧ್ಯಾಹ್ನ ಆಟ ಕಳುಹಿಸಿದರೆ ಯಾರ ಧಾರಾವಾಹಿಯೂ ನಿಲ್ಲುವುದಿಲ್ಲ. ಆದರೂ ಎರಡನ್ನೂ ಒಂದೇ 300 ಜಿಬಿಯಲ್ಲಿ ಎಣಿಸುತ್ತಾರೆ. ಇದು ಸರಿಯಲ್ಲ.

ಇನ್ನು ಲೈನಿನ ಗುಣಮಟ್ಟ. ಮೊದಲ ತಿಂಗಳುಗಳಲ್ಲಿ ಗಾಳಿ ಎದ್ದ ರಾತ್ರಿಗಳಲ್ಲಿ ಸಂಪರ್ಕ ಕಡಿಯುತ್ತಿತ್ತು. ಮನೆಯ ಫೈಬರ್ ಪೆಟ್ಟಿಗೆಯ ಮೇಲೆ, ಬೆಳಕಿನ ಸಂಕೇತ ತಪ್ಪಿದೆ ಎಂದು ತಿಳಿಸುವ ‘ಲಾಸ್’ ಎಂಬ ಕೆಂಪು ದೀಪ ಎರಡು ನಿಮಿಷ ಮಿನುಗಿ ಆರುತ್ತಿತ್ತು, ಮತ್ತೆ ಮಿನುಗುತ್ತಿತ್ತು. ಕಚೇರಿಗೆ ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: “ಒಮ್ಮೆ ಆಫ್ ಮಾಡಿ ಆನ್ ಮಾಡಿ.” ಹಗಲು ಎಲ್ಲವೂ ಸರಿ ಇರುವುದರಿಂದ ದೂರು ಮುಚ್ಚಿಹೋಗುತ್ತಿತ್ತು. ಫೋನಿನಲ್ಲಿ ಉತ್ತರಿಸುವವರ ಬಗ್ಗೆ ನನಗೆ ಈಗಲೂ ಸಮಾಧಾನವಿಲ್ಲ.

ಕೊನೆಗೆ ಬಂದವರು ಹಳೆಯ ಲೈನ್‌ಮನ್. ಪೆಟ್ಟಿಗೆಯ ಹಸಿರು ಕನೆಕ್ಟರ್ ಬಿಚ್ಚಿ ಪವರ್ ಮೀಟರಿಗೆ ಚುಚ್ಚಿದರು. ಬೆಳಕಿನ ಬಲ ಮೈನಸ್ 27.8 ಡಿಬಿಎಂ; ಮೈನಸ್ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ. “ಅಣ್ಣ, ಇದು ಅಂಚು ದಾಟಿದೆ. ಮೈನಸ್ 27 ದಾಟಿದರೆ ಈ ಪೆಟ್ಟಿಗೆಗೆ ಬೆಳಕು ಸಾಲುತ್ತದೆಂಬ ಭರವಸೆಯಿಲ್ಲ” ಎಂದರು. ಫೈಬರ್ ಹಿಡಿದುಕೊಂಡೇ ತೋಟಕ್ಕೆ ಇಳಿದೆವು. ಮೂರನೆಯ ಅಡಿಕೆ ಮರದಲ್ಲಿ ಯಾರೋ ಅದನ್ನು ಕಟ್ಟುಕಂಬಿಯಿಂದ ಬಿಗಿದು, ಬೆರಳಿನಷ್ಟು ಸಣ್ಣ ಸುತ್ತು ಹಾಕಿದ್ದರು. ಅಷ್ಟು ಬಾಗಿದರೆ ಬೆಳಕು ಗಾಜಿನಿಂದ ಹೊರಗೆ ಸೋರುತ್ತದೆ. ಗಾಳಿಗೆ ಮರ ತೂಗಿದಾಗ ಇನ್ನಷ್ಟು. ಅವರು ಕಂಬಿ ಕತ್ತರಿಸಿ, ಅಗಲದ ಸುತ್ತು ಬಿಟ್ಟು, ಸಡಿಲವಾಗಿ ಕಟ್ಟಿದರು. ಮೀಟರ್ ಮೈನಸ್ 21.3 ತೋರಿಸಿತು. ಆ ಬಳಿಕ ಗಾಳಿಗೆ ಲೈನ್ ಹೋದದ್ದಿಲ್ಲ. ಕರೆಂಟ್ ಹೋದರೂ ಇನ್ವರ್ಟರ್ ಇದ್ದರೆ ಸಾಕು. ದಾರಿಯಲ್ಲಿ ಬೆಳಕನ್ನು ಮನೆಗಳಿಗೆ ಹಂಚುವ ಸ್ಪ್ಲಿಟರ್‌ಗೆ ವಿದ್ಯುತ್ ಬೇಡ, ಪೇಟೆಯ ಕೊನೆಯಲ್ಲಿ ಅವರ ಬ್ಯಾಟರಿ ಕೈಕೊಡದಿದ್ದರಾಯಿತು. ಇದುವರೆಗೆ ಕೊಟ್ಟಿಲ್ಲ.

ಸಂಜೆ ಮಾತ್ರ ಕಳಪೆ. ಎಂಟರಿಂದ ಹತ್ತರವರೆಗೆ ಅಕ್ಕನ ವಿಡಿಯೋ ಕರೆಯಲ್ಲಿ ಅರ್ಧ ಮಾತು ನುಂಗಿಹೋಗುತ್ತದೆ. ಆಗಲೂ ಸ್ಪೀಡ್ ಟೆಸ್ಟ್ 45 ತೋರಿಸುತ್ತದೆ, ಏಕೆಂದರೆ ಅದು ಆಯ್ದುಕೊಳ್ಳುವುದು ಅತಿ ಹತ್ತಿರದ ಸರ್ವರ್ ಅನ್ನು. ದಟ್ಟಣೆ ಇರುವುದು ಅದರಾಚೆ. ಪಿಂಗ್, ಅಂದರೆ ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ, ನೋಡಿದರೆ ನಿಜ ತಿಳಿಯುತ್ತದೆ: ಬೆಳಿಗ್ಗೆ 25 ಮಿಲಿಸೆಕೆಂಡ್, ರಾತ್ರಿ ಒಂಬತ್ತಕ್ಕೆ 140. ಸಂಪರ್ಕ ಹಾಕಿಸುವ ಮೊದಲು ಪಕ್ಕದ ಮನೆಯಲ್ಲಿ ಆ ಹೊತ್ತಿಗೇ ಕುಳಿತು ಪರೀಕ್ಷಿಸಿ. ಅಪ್‌ಲೋಡ್ ವೇಗ ಎಷ್ಟು, ಅದನ್ನೂ ಮಿತಿಯಲ್ಲಿ ಎಣಿಸುತ್ತಾರೆಯೇ ಎಂದು ಕೇಳಿ. ಅಪ್‌ಲೋಡ್ 10 ಆದರೆ ರಾತ್ರಿಯ ಆರು ಗಂಟೆಯಲ್ಲಿ 27 ಜಿಬಿಗಿಂತ ಹೆಚ್ಚು ಹೋಗದು.

ಮಿತಿಯ ನಂತರದ 2 ಎಂಬಿಪಿಎಸ್ ಬಗ್ಗೆ ಒಂದು ಮಾತು. 2023ರಿಂದ ಸರ್ಕಾರದ ವ್ಯಾಖ್ಯೆಯಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ ಅದೇ. ಅದಕ್ಕೆ ಮೊದಲು 512 ಕೆಬಿಪಿಎಸ್ ಸಾಕಿತ್ತು. ಪತ್ರಿಕೆ ಓದಲು, ಹಣ ಕಳುಹಿಸಲು ಅಡ್ಡಿಯಿಲ್ಲ. ಆದರೆ ಒಂದು ಆಟ ಕಳುಹಿಸಲು ಎರಡು ಹಗಲು ಎರಡು ರಾತ್ರಿ ಬೇಕು. ದೊಡ್ಡ ಕಂಪನಿಗಳ ಫೈಬರ್‌ನಲ್ಲಿ 3300 ಜಿಬಿಯಂಥ ಮಿತಿಗಳಿವೆ. ಅಲ್ಲಿ ಈ ತಲೆಬಿಸಿಯೇ ಇಲ್ಲ. ಅವರ ಕೇಬಲ್ ನಮ್ಮ ಕಡೆಗೆ ಬಂದಿಲ್ಲ, ಬಂದರೂ ತೋಟಕ್ಕಿಳಿದು ಕಂಬಿ ಬಿಚ್ಚುವವರು ಬರಬೇಕು.

ಮನೆಯಲ್ಲಿ ಸಿನಿಮಾ ನೋಡುವುದಷ್ಟೇ ಆದರೆ ಸಂಜೆಯ ದಟ್ಟಣೆಯ ಕಾರಣಕ್ಕೆ ಇದನ್ನು ಹಾಕಿಸಿಕೊಳ್ಳಿ ಎಂದು ಹೇಳಲಾರೆ. ದೊಡ್ಡ ಕಡತಗಳನ್ನು ಕಳುಹಿಸುವವರು ಧೈರ್ಯವಾಗಿ ಹಾಕಿಸಿಕೊಳ್ಳಬಹುದು. ನಾನು ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ 150 ಜಿಬಿಯ ಅಗ್ಗದ ಯೋಜನೆಗೆ ಇಳಿಯುತ್ತೇನೆ. ವೇಷವಿಲ್ಲದೆ ಕುಳಿತೇ ನಡೆಸುವ ಮಳೆಗಾಲದ ತಾಳಮದ್ದಳೆಗಳಿಗೆ ಅದು ಸಾಕು. ಅದರಲ್ಲೂ ರಾತ್ರಿ ಲೆಕ್ಕವಿಲ್ಲ.