ಬೇಳೆ ಬೇಯದ ನೀರಿಗೆ ಮಾಡಿ ನೋಡಿದ ಉಪಾಯಗಳು

ಕೋಲಾರಕ್ಕೆ ಬಂದ ಮೊದಲ ವಾರ ನಮಗೆ ಅನುಮಾನ ಬಂದದ್ದು ಕುಕ್ಕರ್ ಮೇಲೆ. ಮೈಸೂರಿನಲ್ಲಿ ಮೂರು ಕೂಗಿಗೆ ಬೆಣ್ಣೆಯಂತಾಗುತ್ತಿದ್ದ ತೊಗರಿಬೇಳೆ ಇಲ್ಲಿ ಆರು ಕೂಗಾದರೂ ಕಾಳು ಕಾಳಾಗಿಯೇ ಇರುತ್ತಿತ್ತು. ಗ್ಯಾಸ್ಕೆಟ್ ಬದಲಾಯಿಸಿದೆವು. ಬೇಳೆ ತರುವ ಅಂಗಡಿಯನ್ನೂ ಬದಲಾಯಿಸಿದೆವು. ಕೊನೆಗೆ ಪಕ್ಕದ ಮನೆ ಅಜ್ಜಿ ನಕ್ಕು, "ತಪ್ಪು ಬೇಳೇದಲ್ಲಮ್ಮ, ನೀರಿಂದು" ಅಂದರು.

ಇಲ್ಲಿ ನದಿ ನೀರಿನ ಭಾಗ್ಯ ಕಡಿಮೆ. ನಲ್ಲಿಯಲ್ಲಿ ಬಂದರೂ ಟ್ಯಾಂಕರ್‌ನಲ್ಲಿ ಬಂದರೂ ಅದು ಹೆಚ್ಚಾಗಿ ಬೋರ್ ನೀರೇ, ಸಾವಿರ ಅಡಿಗೂ ಕೆಳಗಿನದು. ಅಷ್ಟು ಆಳದಲ್ಲಿ ಬಂಡೆ ಸಂದಿಯಲ್ಲಿ ವರ್ಷಾನುಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತದೆ. ಗಡಸು ನೀರು ಅನ್ನುವುದು ಇದಕ್ಕೇ. ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ ಎಂಬ ಅಂಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಬೇಳೆ ಒಡೆಯುವುದಿಲ್ಲ. ಸೋಪಿನ ಜೊತೆ ಸೇರಿದರೆ ನೊರೆಯ ಬದಲು ಬೂದು ಬಣ್ಣದ ಜಿಡ್ಡು. ಬಕೆಟ್ ಸುತ್ತ ಉಂಗುರದ ಹಾಗೆ ಕೂರುತ್ತದಲ್ವಾ, ಅದೇ.

ಅಜ್ಜಿ ಹೇಳಿದ ಮೇಲೆ ಗಡಸುತನ ಅಳೆಯುವ ಒಂದು ಚಿಕ್ಕ ಕಿಟ್ ತರಿಸಿದೆ. ನೀರಿಗೆ ಪುಡಿ ಹಾಕಿದರೆ ದ್ರಾಕ್ಷಿ ಕೆಂಪು ಬರುತ್ತದೆ. ಆಮೇಲೆ ಹನಿ ಹನಿಯಾಗಿ ದ್ರಾವಣ ಬಿಡುತ್ತಾ ಹೋಗಬೇಕು, ಒಂದು ಹನಿಗೆ ಕೆಂಪು ಹೋಗಿ ತಟ್ಟನೆ ನೀಲಿಯಾಗುತ್ತದೆ. ನನ್ನ ಕಿಟ್‌ನಲ್ಲಿ ಒಂದು ಹನಿ ಅಂದರೆ ಲೀಟರಿಗೆ 25 ಮಿಲಿಗ್ರಾಂ. ನಮ್ಮ ನಲ್ಲಿ ನೀರಿಗೆ 21 ಹನಿ ಬೇಕಾಯಿತು, ಅಂದರೆ 525. ಕುಡಿಯುವ ನೀರಿಗೆ ಬಿಐಎಸ್ (ದೇಶದ ಗುಣಮಟ್ಟ ಗೊತ್ತುಮಾಡುವ ಸಂಸ್ಥೆ) ಒಪ್ಪುವ ಮಟ್ಟ 200, ಬೇರೆ ಗತಿಯೇ ಇಲ್ಲದಿದ್ದರೆ 600. ಅಂದರೆ ನಾವು ಗತಿ ಇಲ್ಲದವರ ಸಾಲಿನಲ್ಲಿದ್ದೆವು! ಅಂದಿನಿಂದ ಯಾವ ಉಪಾಯ ಮಾಡಿದರೂ ಹನಿ ಎಣಿಸಿಯೇ ತೀರ್ಪು.

ಮೊದಲು ಮಾಡಿದ್ದು ಖರ್ಚಿಲ್ಲದ್ದು. ಕುದಿಸಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿ ಬಸಿದುಕೊಳ್ಳುವುದು. 21 ಹನಿ 13ಕ್ಕೆ ಇಳಿಯಿತು. ಬೈಕಾರ್ಬನೇಟ್ ರೂಪದ ಗಡಸು ಕುದಿತಕ್ಕೆ ಸುಣ್ಣವಾಗಿ ತಳಕ್ಕೆ ಕೂರುತ್ತದೆ, ಸಲ್ಫೇಟ್ ಮತ್ತು ಕ್ಲೋರೈಡ್ ರೂಪದ್ದು ಎಷ್ಟು ಕುದಿಸಿದರೂ ಕೂರಲ್ಲ. ಬೇಳೆ ಸ್ವಲ್ಪ ಸುಧಾರಿಸಿತು. ಆದರೆ ದಿನಾ ಇಷ್ಟು ಗ್ಯಾಸ್ ಸುಟ್ಟು ಯಾರು ನೀರು ಕುದಿಸುತ್ತಾರೆ? ಅದೂ ಅಲ್ಲದೆ ಕೋಲಾರ ಸೀಮೆಯಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಕಾಟವೂ ಇದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪಾಲು ಹೆಚ್ಚುತ್ತದೆ.

ಆಮೇಲೆ ಶವರ್‌ಗೆ ತಿರುಗಿಸಿ ಕೂರಿಸುವ ಫಿಲ್ಟರ್. ನೋಡೋಕೆ ಚೆಂದ, ಒಳಗೆ ಬಣ್ಣ ಬಣ್ಣದ ಗೋಲಿಗಳು. ಹಾಕುವ ಮೊದಲು 21 ಹನಿ, ಹಾಕಿದ ಮೇಲೂ 21. ಕ್ಲೋರಿನ್ ವಾಸನೆ ತೆಗೆಯುತ್ತದೇನೋ, ಗಡಸನ್ನು ಮುಟ್ಟಲೂ ಇಲ್ಲ. ಪೈಪಿಗೆ ಕಟ್ಟುವ ಮ್ಯಾಗ್ನೆಟ್ ಕಥೆಯೂ ಇಷ್ಟೇ. ಮಾರಿದವನು "ಗಡಸು ಕಡಿಮೆ ಆಗಲ್ಲ ಮೇಡಂ, ಅಂಟೋದು ನಿಲ್ಲುತ್ತೆ" ಅಂದಿದ್ದ. ಅದಕ್ಕೇ ಅವನ ಮಟ್ಟಿಗೆ ಹನಿ ಲೆಕ್ಕ ಬಿಟ್ಟು, ಮೂರು ತಿಂಗಳಾದ ಮೇಲೆ ಗೀಸರ್ ಬಿಚ್ಚಿಸಿದೆ. ಕಾಯಿಲ್ ಕಾಣಲೇ ಇಲ್ಲ. ಅದರ ಸುತ್ತ ಬೆರಳು ದಪ್ಪ ಸುಣ್ಣ, ಒಣಗಿದ ಹವಳದ ಹಾಗೆ. ಸ್ಕ್ರೂಡ್ರೈವರ್‌ನಿಂದ ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರಿ, ಅರ್ಧ ಮಗ್ ತುಂಬಿತು. ಉಳಿದದ್ದಕ್ಕೆ ನಿಂಬೆ ಉಪ್ಪು ಬೆರೆಸಿದ ಬಿಸಿನೀರು ಹಾಕಿದಾಗ ಬುಸ್ ಎಂದು ನೊರೆದು ಕರಗಿತು. ನಿಂಬೆ ಉಪ್ಪಿನ ಪೊಟ್ಟಣ ಅಗ್ಗ, ಮ್ಯಾಗ್ನೆಟ್ ಅಗ್ಗ ಅಲ್ಲ. ಗೀಸರ್ ಉಷ್ಣತೆಯನ್ನು 50 ಡಿಗ್ರಿ ಹತ್ತಿರ ಇಟ್ಟ ಮೇಲೆ ಸುಣ್ಣ ಕಟ್ಟುವುದು ನಿಧಾನವಾಗಿದೆ. ಬಿಸಿ ಜಾಸ್ತಿಯಾದಷ್ಟೂ ಸುಣ್ಣ ಜಾಸ್ತಿ.

ಆರ್‌ಒ (ನೀರನ್ನು ಸೂಕ್ಷ್ಮ ಪೊರೆಯಲ್ಲಿ ಹಾಯಿಸಿ ಲವಣ ತೆಗೆಯುವ ಯಂತ್ರ) ಮಾರಲು ಬಂದವನ ವಿಷಯ ಹೇಳಲೇಬೇಕು. ಎರಡು ಲೋಟ ಇಟ್ಟ, ಒಂದರಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವನದು. ಎರಡಕ್ಕೂ ಕಬ್ಬಿಣದ ಕಡ್ಡಿ ಇಳಿಸಿ ಕರೆಂಟ್ ಕೊಟ್ಟ. ನಮ್ಮದು ಕಂದು ಕೆಸರಾಯಿತು, ಅವನದು ತಿಳಿಯಾಗಿಯೇ ಇತ್ತು. ಅತ್ತೆ ಗಾಬರಿಯಾದರು. ಆ ಕಂದು ಬಂದದ್ದು ಕಡ್ಡಿ ಸವೆದು! ಲವಣ ಇರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಲವಣ ತೆಗೆದ ನೀರಿನಲ್ಲಿ ಹರಿಯುವುದು ತೀರಾ ಕಡಿಮೆ. ನಾನು ಅವನ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಮಾಡಿಸಿದೆ. ಅದೂ ಕೆಸರಾಯಿತು. ಅವನು ಕಾಫಿ ಕುಡಿದು ಹೋದ.

ಹಾಗಂತ ಆರ್‌ಒ ಕೆಟ್ಟದ್ದಲ್ಲ. 2 ಹನಿಗೇ ನೀಲಿಯಾಗುತ್ತದೆ, ಫ್ಲೋರೈಡನ್ನೂ ಬಹುಪಾಲು ತೆಗೆಯುತ್ತದೆ. ಆದರೆ ಲೀಟರ್ ನೀರಿಗೆ ಎರಡು ಮೂರು ಲೀಟರ್ ಆಚೆ ಹೋಗುತ್ತದೆ. ಟ್ಯಾಂಕರ್‌ಗೆ ದುಡ್ಡು ಕೊಡುವ ಊರಲ್ಲಿ ಅದನ್ನು ನೋಡುತ್ತಾ ನಿಲ್ಲುವುದು ಕಷ್ಟ. ಮನೆಗೆ ಹಾಕಿಸಲಿಲ್ಲ. ಕುಡಿಯೋಕೆ ಬೀದಿಯ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತರುತ್ತೇವೆ. ಅದೂ ಆರ್‌ಒ ನೀರೇ. ವೇಸ್ಟ್ ಅಲ್ಲೂ ಆಗುತ್ತದೆ, ನಮ್ಮ ಕಣ್ಣಿಗೆ ಬೀಳಲ್ಲ ಅಷ್ಟೇ.

ವಾಷಿಂಗ್ ಮಷೀನ್‌ಗೆ ಅಂತ ಪುಟ್ಟ ಸಾಫ್ಟ್‌ನರ್ ಕೊಂಡೆವು. ಒಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. 21 ಹನಿ ನೇರವಾಗಿ 1 ಹನಿಗೆ! ಟವೆಲ್ ಮತ್ತೆ ಟವೆಲ್ ಥರ ಆಯಿತು, ಸೋಪಿನ ಪುಡಿ ಅರ್ಧ ಸಾಕಾಯಿತು. ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್ ಇಟ್ಟು ನೋಡಿದರೆ ಮಾತ್ರ ಅಂಕಿ ಇಳಿಯುವುದೇ ಇಲ್ಲ. ಮೋಸ ಹೋದೆವು ಅಂದುಕೊಳ್ಳಬೇಡಿ. ಒಂದು ಲವಣ ಹೋಗಿ ಇನ್ನೊಂದು ಬಂದಿದೆ, ಮೀಟರ್‌ಗೆ ಎರಡೂ ಒಂದೇ.

ತೊಂದರೆ ಬೇರೆ ಕಡೆ ಇತ್ತು. ಡಬ್ಬದ ಮೇಲೆ ಬರೆದಿದ್ದ ಸಾವಿರಾರು ಲೀಟರ್ ಲೆಕ್ಕ ಕಡಿಮೆ ಗಡಸಿನ ನೀರಿಗೆ. ನಮ್ಮ ನೀರಿನಲ್ಲಿ ಮೂರು ಸಲ ಬಟ್ಟೆ ಒಗೆಯುವಷ್ಟರಲ್ಲಿ ರೆಸಿನ್ ಸುಸ್ತು. ಮತ್ತೆ ಕಲ್ಲುಪ್ಪಿನ ನೀರು ಹಾಯಿಸಿ ಅದನ್ನು ಎಬ್ಬಿಸಬೇಕು. ಮೊದಲ ಸಲ ಆ ಉಪ್ಪು ನೀರನ್ನು ಸುಮ್ನೆ ಹಿತ್ತಲಿಗೆ ಬಿಟ್ಟೆ. ಹದಿನೈದು ದಿನದಲ್ಲಿ ಕರಿಬೇವಿನ ಗಿಡ ಎಲೆ ಸುಟ್ಟುಕೊಂಡು ನಿಂತಿತ್ತು. ಈಗ ಬಚ್ಚಲಿಗೆ ಬಿಡುತ್ತೇನೆ. ಇಡೀ ಮನೆಗೆ ಸಾಫ್ಟ್‌ನರ್ ಹಾಕಿಸುವ ಯೋಚನೆ ಅಲ್ಲಿಗೇ ಬಿಟ್ಟೆವು. ಕುಡಿಯೋಕಂತೂ ಅದು ಬೇಡ, ಫ್ಲೋರೈಡ್ ಹಾಗೇ ಉಳಿಯುತ್ತದೆ.

ಎಲ್ಲವನ್ನೂ ಸೋಲಿಸಿದ್ದು ಒಂದು ನೀಲಿ ಡ್ರಮ್ಮು. ಮಹಡಿಯ ಪೈಪಿಗೆ ಬಟ್ಟೆ ಕಟ್ಟಿ, ಮೊದಲ ಹತ್ತು ನಿಮಿಷದ ಕೊಳೆ ನೀರು ಆಚೆ ಬಿಟ್ಟು, ಉಳಿದ ಮಳೆ ನೀರು ಹಿಡಿದೆವು. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮದು 80 ಚದರ ಮೀಟರ್, 20 ಮಿಲಿಮೀಟರ್ ಮಳೆಗೆ ಹೆಚ್ಚುಕಡಿಮೆ 1,600 ಲೀಟರ್. ಡ್ರಮ್ ಇರುವುದು 500ರದ್ದು! ಕಣ್ಣೆದುರೇ ತುಂಬಿ ಚೆಲ್ಲಿ ಹೋಗುತ್ತದೆ.

ಆ ನೀರಿನಲ್ಲಿ ಒಂದು ಹನಿಗೇ ನೀಲಿ. ಒಂದೇ ಬೇಳೆ, ಒಂದೇ ಅಳತೆ, ಎರಡು ಕುಕ್ಕರ್, ಮೂರು ಕೂಗು. ನಲ್ಲಿ ನೀರಿನ ಬೇಳೆ ಸೌಟಿಗೆ ಟಕಟಕ ಬಡಿಯಿತು. ಮಳೆ ನೀರಿನದನ್ನು ಮಸೆಯಲೇ ಬೇಕಾಗಲಿಲ್ಲ. ಚಹಾದ ಮೇಲೆ ತೇಲುತ್ತಿದ್ದ ತೆಳು ಪೊರೆಯೂ ಮಾಯ. ತಲೆ ಸ್ನಾನಕ್ಕೆ ನಲ್ಲಿ ನೀರೇ, ಜೊತೆಗೆ ಸೀಗೆಕಾಯಿ. ಅದು ಗಡಸು ನೀರಿನಲ್ಲೂ ಸೋಪಿನ ಹಾಗೆ ಜಿಡ್ಡು ಕಟ್ಟಲ್ಲ.

ಡ್ರಮ್ಮಿಗೆ ಸೊಳ್ಳೆ ಪರದೆ ಕಟ್ಟಿ ಮುಚ್ಚಳ ಹಾಕಿದ್ದೇವೆ. ಅಡುಗೆಗೆ ದಿನಕ್ಕೆ ನಾಲ್ಕೈದು ಲೀಟರ್ ಸಾಕು, ಅಕ್ಟೋಬರ್‌ನಲ್ಲಿ ತುಂಬಿದ್ದು ಜನವರಿವರೆಗೆ ಬರುತ್ತದೆ. ಆಮೇಲೆ ಬೇಸಿಗೆ ಮುಗಿಯುವವರೆಗೂ ಮತ್ತೆ ಕ್ಯಾನ್ ನೀರಿನಲ್ಲೇ ಬೇಳೆ. ಎರಡನೇ ಡ್ರಮ್ ತಂದಾಗಿದೆ, ಪೈಪ್ ಕೂರಿಸುವವನು ಮಾತ್ರ ಮೂರು ವಾರದಿಂದ "ನಾಳೆ ಬರ್ತೀನಿ" ಅನ್ನುತ್ತಿದ್ದಾನೆ.