ಜಿಯೋಕ್ಯಾಶಿಂಗ್ ಆ್ಯಪ್: ಐದು ವರ್ಷ ಬಳಸಿದ ಮೇಲೆ

ಸಿಯಾಟಲ್‌ಗೆ ಬಂದ ವರ್ಷ, ಮಗಳಿಗೆ ಬೆಟ್ಟ ಹತ್ತುವ ರುಚಿ ಹತ್ತಲಿ ಎಂದು ಈ ಆ್ಯಪ್ ಹಾಕಿಕೊಂಡೆ. ಐದು ವರ್ಷವಾಯಿತು, ಇನ್ನೂ ಬಿಟ್ಟಿಲ್ಲ. ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ನೋಡಿಕೊಂಡು ಹುಡುಕಬೇಕು, ಒಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು ಇದ್ದಲ್ಲೇ ಇಟ್ಟು ಬರಬೇಕು. ಆಟ ಇಷ್ಟೇ.

ಆ್ಯಪ್ ಎಲ್ಲಿಯವರೆಗೆ ಕೈಹಿಡಿಯುತ್ತದೆ ಎಂಬುದು ಗೊತ್ತಾಗಿದ್ದು ನಾರ್ತ್ ಬೆಂಡ್ ಬಳಿಯ ಲಿಟಲ್ ಸೈನಲ್ಲಿ. ಎತ್ತರ 480 ಮೀಟರ್ ಆಸುಪಾಸು, ಪಕ್ಕದ ಮೌಂಟ್ ಸೈ ಮುಂದೆ ಮರಿ ಬೆಟ್ಟ. ಮೊದಲ ಸಲ ತುದಿಯಲ್ಲಿ ನಿಂತಾಗ "3 ಮೀಟರ್" ಎಂದಿತು, ಎರಡು ಹೆಜ್ಜೆ ಇಟ್ಟರೆ 11. ಮುಕ್ಕಾಲು ಗಂಟೆ ಬಂಡೆಯ ಸಂದಿಗಳನ್ನೆಲ್ಲ ತಡಕಾಡಿದೆವು. ಮಗಳು ಅಳುಮೋರೆ ಹಾಕಿಕೊಂಡೇ ಇಳಿದಳು. 'ಸಿಗಲಿಲ್ಲ' ಎಂದು ದಾಖಲಿಸಿದೆ.

ಇದು ಆ್ಯಪ್‌ನ ತಪ್ಪಲ್ಲ. ನಾಗರಿಕರ ಜಿಪಿಎಸ್‌ಗೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಡೇವ್ ಅಲ್ಮರ್ ಒರೆಗಾನ್‌ನಲ್ಲಿ ಬಕೆಟ್ ಒಂದನ್ನು ಬಚ್ಚಿಟ್ಟರು, ಆಟ ಶುರುವಾಗಿದ್ದೇ ಹಾಗೆ. ಆದರೆ ದಟ್ಟ ಮರ, ಕಡಿದಾದ ಬಂಡೆಗಳ ನಡುವೆ ಈಗಲೂ ಹತ್ತು ಮೀಟರ್ ಸುಲಭವಾಗಿ ತಪ್ಪುತ್ತದೆ. ಬಚ್ಚಿಟ್ಟವರ ಅಳತೆಯೂ ಅಷ್ಟೇ ತಪ್ಪಿದ್ದರೆ ನಮ್ಮದೂ ಅವರದೂ ಸೇರಿಕೊಳ್ಳುತ್ತದೆ.

ಎರಡನೇ ಸಲ ಹೋಗುವ ಮುಂಚೆ, ಅದೇ ಡಬ್ಬಿಯನ್ನು ಹಿಂದೆ ಹುಡುಕಿದವರು ಆ್ಯಪ್‌ನಲ್ಲಿ ಬರೆದ ದಾಖಲೆಗಳನ್ನೆಲ್ಲ ಕೂತು ಓದಿದೆ. ಸಿಗದವರು ತುದಿಯ ಬಂಡೆ, ಅಲ್ಲಿಯ ಗಾಳಿ, ಕೆಳಗಿನ ಕಣಿವೆಯ ಬಗ್ಗೆ ಬರೆದಿದ್ದರು. ಸಿಕ್ಕವರ ಮಾತಿನಲ್ಲಿ ಮಾತ್ರ ಮರದ ನೆರಳು ಬರುತ್ತಿತ್ತು. ಈ ಆ್ಯಪ್‌ನಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಇದೇ, ಬಾಣದ ಗುರುತಲ್ಲ. ಫೋನ್ ಜೇಬಿಗಿಟ್ಟು ಹುಡುಕಿದಾಗ ಹತ್ತೇ ನಿಮಿಷಕ್ಕೆ ಮಗಳ ಕೈಗೆ ಡಬ್ಬಿ ಸಿಕ್ಕಿತು. ಎಲ್ಲಿತ್ತು ಎಂದು ಬರೆಯುವುದಿಲ್ಲ, ಮುಂದೆ ಹತ್ತುವವರ ಖುಷಿ ಅದು. ಪುಸ್ತಕದಲ್ಲಿ ಅವಳು ಹೆಸರನ್ನು ಕನ್ನಡದಲ್ಲೇ ಬರೆದಳು, ನಾನು ಹೇಳಿರಲಿಲ್ಲ.

ಮಕ್ಕಳ ಜೊತೆ ಹೋಗುವವರು ಎರಡು ಅಂಕಿ ನೋಡಿಕೊಳ್ಳಿ: ಹುಡುಕುವ ಕಷ್ಟಕ್ಕೊಂದು, ದಾರಿಯ ಕಷ್ಟಕ್ಕೊಂದು, ಎರಡೂ 1ರಿಂದ 5ರವರೆಗೆ. ದಾರಿ 4 ದಾಟಿದರೆ ನಾವು ಹೋಗುವುದಿಲ್ಲ. ಆಫ್‌ಲೈನ್ ನಕ್ಷೆಗೆ ಪ್ರೀಮಿಯಂ ಚಂದಾ ಬೇಕು. ಊರೊಳಗಷ್ಟೇ ಹುಡುಕುವವರಿಗೆ ಅದು ದಂಡ, ಬೆಟ್ಟ ಹತ್ತುವವರು ಕಟ್ಟಿ. ಚಳಿಗೆ ಫೋನಿನ ಚಾರ್ಜ್ ಬೇಗ ಇಳಿಯುತ್ತದೆ, ಪವರ್ ಬ್ಯಾಂಕ್ ಇರಲಿ. ಡಬ್ಬಿಯೊಳಗೆ ಏನಾದರೂ ಇಟ್ಟು ಬರುವುದಿದ್ದರೆ ಚಾಕೊಲೇಟ್ ಅಂತೂ ಬೇಡ, ವಾಸನೆ ಹಿಡಿದು ಬರುವ ಪ್ರಾಣಿಗಳು ಡಬ್ಬಿಯನ್ನೇ ಕಚ್ಚಿ ಹಾಳುಮಾಡುತ್ತವೆ.