ಮಲ್ಪೆ ದ್ವೀಪಕ್ಕೆ ಹೋಗೋರು ವಾಪಸ್ ಬರೋ ಬೋಟ್ ಯಾವುದು ಅಂತ ಮೊದಲೇ ಕೇಳಿಕೊಳ್ಳಿ

ಉಡುಪಿ ಹತ್ತಿರ ಮಲ್ಪೆ ಬೀಚಿನ ಎದುರಿಗಿರೋ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋ ಪ್ಲಾನ್ ಇದೆಯಾ? ಅದರಲ್ಲೂ ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದಾರಾ? ಹಾಗಿದ್ದರೆ ಇದನ್ನು ಓದಿಯೇ ಹೊರಡಿ. ಮೇ ತಿಂಗಳ ಮೊದಲ ಭಾನುವಾರ ನಾವು ಐದು ಜನ ಆ ದ್ವೀಪದಲ್ಲಿ ನಾಲ್ಕೂವರೆ ಗಂಟೆ ಕೂತಿದ್ದೆವು. ಇಷ್ಟಪಟ್ಟು ಕೂತದ್ದಲ್ಲ, ಕರೆದುಕೊಂಡು ಹೋಗೋಕೆ ಬೋಟ್ ಬರಲಿಲ್ಲ. ಯಾರ ಜೀವಕ್ಕೂ ಏನೂ ಆಗಲಿಲ್ಲ, ಅದೊಂದು ಪುಣ್ಯ. ಆದರೆ ನಮ್ಮವ್ವ ಮಾತ್ರ ಈಗಲೂ ಟಿವಿಯಲ್ಲಿ ಕಡಲು ಕಂಡರೆ ಚಾನೆಲ್ ಬದಲಾಯಿಸುತ್ತಾಳೆ.

ಪ್ಲಾನ್ ಮಾಡಿದ್ದು ನನ್ನ ಭಾಮೈದ. ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೋ ನೋಡಿದ್ದ, ನೀಲಿ ನೀರು, ಕಂಬದಂಥ ಕಲ್ಲುಗಳು, ತೆಂಗಿನ ಮರ. ‘ಭಾವ, ದಡದಿಂದ ಬರೀ ಆರು ಕಿಲೋಮೀಟರ್, ಬೀಚಲ್ಲಿ ನಿಂತರೆ ಕಣ್ಣಿಗೆ ಕಾಣ್ತದೆ, ಒಂದು ಗಂಟೆಯಲ್ಲಿ ಹೋಗಿ ಬಂದುಬಿಡೋಣ’ ಅಂದ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು. ಕಣ್ಣಿಗೆ ಕಾಣೋ ಜಾಗಕ್ಕೆ ಏನು ಪ್ಲಾನ್ ಬೇಕು?

ತಪ್ಪು ಶುರುವಾದದ್ದು ಉಡುಪಿಯಲ್ಲಿ. ದಾವಣಗೆರೆಯಿಂದ ರಾತ್ರಿ 2 ಗಂಟೆಗೆ ಹೊರಟು ಶಿವಮೊಗ್ಗ, ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿ ಇಳಿದು ಉಡುಪಿ ಮುಟ್ಟಿದಾಗ ಎಂಟು ಗಂಟೆ. ಮೊದಲು ಮಠ, ಆಮೇಲೆ ದ್ವೀಪ ಅಂತ ಅವ್ವ ಹಟ ಹಿಡಿದಳು. ದೇವರನ್ನು ಬಿಟ್ಟು ಬೋಟಿಗೆ ಓಡೋದು ಯಾರಿಗೂ ಸರಿ ಅನ್ನಿಸೋದಿಲ್ಲ, ಅಲ್ವಾ? ಬೇಸಿಗೆ ರಜೆ, ಭಾನುವಾರ, ಸಾಲು ಅಂದರೆ ಸಾಲು. ಕನಕನ ಕಿಂಡಿಯಿಂದ ಕೃಷ್ಣನನ್ನು ನೋಡಿ, ರಥಬೀದಿಯಲ್ಲಿ ಒಂದು ಸುತ್ತು ಹಾಕಿ, ತಿಂಡಿ ತಿಂದು ಮಲ್ಪೆ ಬೀಚಿಗೆ ಬಂದಾಗ ಹನ್ನೊಂದೂವರೆ. ಹೊರಗಿನಿಂದ ಬರೋರಲ್ಲಿ ಬಹಳಷ್ಟು ಜನ ಹೀಗೇ ಮಾಡುತ್ತಾರೆ, ಬೆಳಗ್ಗೆ ಮಠ, ಮಧ್ಯಾಹ್ನ ದ್ವೀಪ. ಇದನ್ನು ತಿರುವುಮುರುವು ಮಾಡಬೇಕು. ಯಾಕೆ ಅಂತ ಅವತ್ತೇ ಮೈಮೇಲೆ ಬಂದು ಗೊತ್ತಾಯಿತು.

ಬೆಳಗ್ಗೆ ಗಾಳಿ ನೆಲದಿಂದ ಕಡಲ ಕಡೆ ಮೆಲ್ಲಗೆ ಬೀಸುತ್ತದೆ, ಕಡಲು ಶಾಂತವಾಗಿರುತ್ತದೆ. ಬಿಸಿಲೇರಿ ನೆಲ ಕಾದಂತೆ ಗಾಳಿ ತಿರುಗುತ್ತದೆ. ಕಡಲಿನಿಂದ ದಡಕ್ಕೆ ಬೀಸೋಕೆ ಶುರುವಾಗಿ, ಮಧ್ಯಾಹ್ನ ಎರಡು ಮೂರು ಗಂಟೆ ಹೊತ್ತಿಗೆ ಜೋರಾಗುತ್ತದೆ. ಮೇ ಅಂದರೆ ಅದರ ಮೇಲೆ ಮಳೆಗಾಲದ ಮುಂಚಿನ ಅಲೆಗಳು ಬೇರೆ. 2022ರ ಮೇ ತಿಂಗಳಲ್ಲಿ ಇದೇ ಮಲ್ಪೆ ಬೀಚಿನಲ್ಲಿ ತೇಲುವ ಸೇತುವೆ ಹಾಕಿದ್ದರಲ್ಲ, ಉದ್ಘಾಟನೆಯಾದ ಕೆಲವೇ ದಿನಕ್ಕೆ ಅಲೆಗಳು ಅದನ್ನು ಬಿಡಿಬಿಡಿ ಮಾಡಿಹಾಕಿದ್ದವು. ಆ ಸುದ್ದಿ ಆಗ ನಾನೂ ನೋಡಿದ್ದೆ, ನಕ್ಕಿದ್ದೆ ಕೂಡ. ನಮ್ಮ ಪ್ರವಾಸಕ್ಕೂ ಅದಕ್ಕೂ ಸಂಬಂಧ ಇದೆ ಅಂತ ತಲೆಗೆ ಹೋಗಲೇ ಇಲ್ಲ.

ಬೀಚಿನಲ್ಲಿ ಕಾರಿನಿಂದ ಇಳಿದು ಇನ್ನೂ ಬಾಗಿಲು ಹಾಕಿರಲಿಲ್ಲ, ಒಬ್ಬ ಬಂದ. ಬಂದರಿನ ಬೋಟಿಗೆ ಹೋದರೆ ಜನ ತುಂಬೋ ತನಕ ಕಾಯಬೇಕು, ಅಲ್ಲಿ ಹೋದಮೇಲೂ ಬೇಗ ಹೊರಡಿ ಅಂತಾರೆ, ನಮ್ಮದು ಸ್ಪೀಡ್ ಬೋಟ್, ನಿಮ್ಮ ಫ್ಯಾಮಿಲಿ ಮಾತ್ರ, ಎಷ್ಟು ಹೊತ್ತು ಬೇಕಾದರೂ ಇರಿ, ನಾವೇ ಬಂದು ಕರೆದುಕೊಂಡು ಬರ್ತೇವೆ ಅಂದ. ಐದು ಜನಕ್ಕೆ 3,000 ರೂಪಾಯಿ. ಅವ್ವನ ಮಂಡಿ ನೋವು ನೆನೆದು ಒಪ್ಪಿಕೊಂಡೆ. ಪೂರ್ತಿ ದುಡ್ಡು ಮೊದಲೇ ಕೊಟ್ಟೆ. ರಸೀದಿ ಕೇಳಲಿಲ್ಲ. ಬೋಟಿನ ನಂಬರ್ ನೋಡಲಿಲ್ಲ. ಅವನು ಹೇಳಿದ ಮೊಬೈಲ್ ನಂಬರ್ ಬರೆದುಕೊಂಡೆ, ಅಲ್ಲೇ ಒಂದು ಸಲ ರಿಂಗ್ ಕೊಟ್ಟು ನೋಡಬೇಕಿತ್ತು, ಅದೂ ಮಾಡಲಿಲ್ಲ. ಅಂಗಡಿಯಲ್ಲಿ ಒಂದು ಚಾರ್ಜರ್ ತಗೊಂಡರೂ ಬಿಲ್ ಕೇಳೋ ಮನುಷ್ಯ ನಾನು!

ಲೈಫ್ ಜಾಕೆಟ್ ಕೊಟ್ಟರು. ಅವ್ವನ ಜಾಕೆಟ್ಟಿಗೆ ಬಕಲ್ ಇರಲಿಲ್ಲ, ದಾರದಲ್ಲಿ ಗಂಟು ಹಾಕಿದರು. ಅಷ್ಟು ಹೊತ್ತಿಗೇ ಇಳಿದು ಬಂದುಬಿಡಬೇಕಿತ್ತು. ‘ದ್ವೀಪಕ್ಕೆ ಊಟ, ಪ್ಲಾಸ್ಟಿಕ್ ಬಿಡೋದಿಲ್ಲ, ಎಲ್ಲ ಅಲ್ಲೇ ಸಿಗ್ತದೆ’ ಅಂದ ಅಂತ ಬುತ್ತಿ ಕಾರಿನಲ್ಲೇ ಬಿಟ್ಟೆವು. ರೊಟ್ಟಿ, ಶೇಂಗಾ ಚಟ್ನಿ ಪುಡಿ, ಖಾರ ಮಂಡಕ್ಕಿ, ಜೊತೆಗೆ ಐದು ಲೀಟರ್ ನೀರಿನ ಕ್ಯಾನ್. ಪ್ಲಾಸ್ಟಿಕ್ ಬೇಡ ಅನ್ನೋದಕ್ಕೆ ನನ್ನ ತಕರಾರಿಲ್ಲ, ಅಂಥ ಜಾಗದಲ್ಲಿ ಕಸ ಹಾಕೋರನ್ನು ಕಂಡರೆ ನನಗೂ ಉರಿಯುತ್ತದೆ. ಆದರೆ ಸ್ಟೀಲ್ ಬಾಟಲಿಯಲ್ಲಿ ಆದರೂ ನೀರು ತುಂಬಿಕೊಳ್ಳಬೇಕಿತ್ತು. ಕೈಯಲ್ಲಿದ್ದದ್ದು ಮಗಳ ಶಾಲೆಯ ಬಾಟಲಿ ಒಂದೇ.

ಹನ್ನೆರಡೂ ಕಾಲಿಗೆ ದ್ವೀಪದಲ್ಲಿ ಇಳಿದೆವು. ‘ಎರಡೂವರೆಗೆ ಇಲ್ಲೇ ನಿಂತಿರಿ’ ಅಂತ ಹೇಳಿ ಬೋಟ್ ತಿರುಗಿಸಿಕೊಂಡು ಹೋದ.

ಜಾಗ ಚೆಂದವೇ, ಸುಳ್ಳು ಹೇಳಬಾರದು. ಅಲ್ಲಿ ನಾಲ್ಕು ದ್ವೀಪಗಳಿವೆ, ಜನ ಹೋಗೋದು ತೆಂಗಿನ ಮರ ಇರೋ ಒಂದಕ್ಕೆ. ಯಾರೂ ವಾಸ ಇಲ್ಲ. ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲ ಅಷ್ಟೇ. ಮರಳಿಗಿಂತ ಚಿಪ್ಪೇ ಜಾಸ್ತಿ. ಕಲ್ಲಿನ ಕಂಬಗಳು ಐದು ಮೂಲೆ, ಆರು ಮೂಲೆ, ಯಾರೋ ಕೆತ್ತಿ ಜೋಡಿಸಿಟ್ಟ ಹಾಗೆ. ‘ಅಪ್ಪ, ಇದು ಯಾವ ರಾಜ ಕಟ್ಟಿಸಿದ್ದು?’ ಅಂತ ಮಗಳು ಕೇಳಿದಳು. ರಾಜ ಯಾರೂ ಅಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗೋ ಕಾಲಕ್ಕೆ ಉಕ್ಕಿ ಬಂದ ಲಾವಾ ಅದು. ತಣ್ಣಗಾಗುತ್ತಾ ಕುಗ್ಗಿ, ನಮ್ಮೂರ ಕೆರೆಯ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದಲ್ಲ, ಹಾಗೆ ಬಿರುಕು ಬಿಟ್ಟಿದೆ. ಆ ಬಿರುಕು ಕೆಳಗಿನ ತನಕ ಇಳಿದದ್ದರಿಂದ ಕಂಬಗಳಾಗಿವೆ. ಮಗಳಿಗೆ ರಾಜನ ಕಥೆಯೇ ಇಷ್ಟವಾಗುತ್ತಿತ್ತು ಅನ್ನಿಸುತ್ತದೆ.

ಅಪಾಯ ಇರೋದೂ ಆ ಕಂಬಗಳಲ್ಲೇ. ನೀರಿನ ಮೇಲೆ ಹೇಗೆ ಒಂದು ಎತ್ತರ ಒಂದು ತಗ್ಗು ಇವೆಯೋ, ನೀರಿನ ಕೆಳಗೂ ಹಾಗೇ ಇವೆ. ಈ ಹೆಜ್ಜೆಯಲ್ಲಿ ನೀರು ಮಂಡಿಗೆ, ಮುಂದಿನ ಹೆಜ್ಜೆಗೆ ಕಾಲಿಗೆ ನೆಲವೇ ಸಿಗೋದಿಲ್ಲ. ಮೇಲೆ ಪಾಚಿ, ಜಾರಿದರೆ ಕಲ್ಲಿಗೆ ಅಂಟಿಕೊಂಡ ಚಿಪ್ಪುಗಳು ಬ್ಲೇಡಿನ ಹಾಗೆ ಕೊಯ್ಯುತ್ತವೆ. ಭಾಮೈದ ಸೆಲ್ಫಿಗೆ ಅಂತ ತುದಿಗೆ ಹೊರಟಾಗ ಕಾವಲಿನವರು ಸೀಟಿ ಊದಿದರು. ‘ಆ ಕಡೆ ಬೇಡ ಮಾರಾಯ್ರೆ, ಕಲ್ಲು ಜಾರ್ತದೆ. ಕೇರಳದ ಮಕ್ಕಳು ಹೋದದ್ದು ಗೊತ್ತಿಲ್ವಾ ನಿಮ್ಗೆ?’ 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಕೇರಳದ ಮೂವರು ಕಾಲೇಜು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾಗಿದ್ದರು. ಭಾಮೈದ ಸುಮ್ಮನೆ ವಾಪಸ್ ಬಂದ. ಅಷ್ಟರಲ್ಲಿ ಮಗಳು ದಡದ ಹತ್ತಿರವೇ ಬರಿಗಾಲಲ್ಲಿ ಓಡಾಡಿ ಅಂಗಾಲು ಕೊಯ್ದುಕೊಂಡಿದ್ದಳು. ಹತ್ತಿ, ಬ್ಯಾಂಡೇಜು ಎಲ್ಲ ಕಾರಿನಲ್ಲಿ. ಹೆಂಡತಿಯ ದುಪಟ್ಟಾ ಹರಿದು ಕಟ್ಟಿದೆವು.

ಅರ್ಧ ಗಂಟೆಯಲ್ಲಿ ದ್ವೀಪ ನೋಡಿ ಮುಗಿಯಿತು. ‘ಎಷ್ಟು ಹೊತ್ತು ಬೇಕಾದರೂ ಇರಿ’ ಅನ್ನೋ ಮಾತಿಗೆ ದುಡ್ಡು ಕೊಟ್ಟದ್ದು ಎಂಥ ದಡ್ಡತನ ಅಂತ ಆಗ ಗೊತ್ತಾಯಿತು, ಅಲ್ಲಿ ಒಂದು ಗಂಟೆಗಿಂತ ಜಾಸ್ತಿ ಯಾರಿಗೂ ಬೇಕಾಗಿಲ್ಲ. ಮಧ್ಯಾಹ್ನ ಒಂದು ಗಂಟೆಯ ಬಿಸಿಲಲ್ಲಿ ತೆಂಗಿನ ಮರದ ನೆರಳು ಅಂದರೆ ಒಂದು ಛತ್ರಿಯಷ್ಟು. ಸೂರ್ಯ ಸರಿದ ಹಾಗೆ ನಾವೂ ಸರಿಯುತ್ತಾ ಕೂತೆವು.

ಎರಡೂವರೆ ಆಯಿತು. ಮೂರಾಯಿತು. ನಂಬರಿಗೆ ಫೋನ್ ಮಾಡಿದರೆ ಮೊದಲು ರಿಂಗ್ ಆಗುತ್ತಿತ್ತು, ಎತ್ತಲಿಲ್ಲ. ಆಮೇಲೆ ಸ್ವಿಚ್ ಆಫ್. ಗಾಳಿ ಎದ್ದಿತ್ತು, ಅಲೆಗಳ ತಲೆ ಬೆಳ್ಳಗಾಗಿತ್ತು. ಸಣ್ಣ ಬೋಟ್ ತರೋಕೆ ಅವನಿಗೂ ಹೆದರಿಕೆ ಆಗಿರಬಹುದು, ಅದು ತಪ್ಪಲ್ಲ. ಫೋನ್ ಎತ್ತಿ ಹಾಗಂತ ಹೇಳಬಹುದಿತ್ತು.

ಅವ್ವನಿಗೆ ತಲೆ ಸುತ್ತೋಕೆ ಶುರುವಾಯಿತು. ಬಾಟಲಿ ಖಾಲಿ. ಎಳನೀರು ಮಾರುತ್ತಿದ್ದವರ ಹತ್ತಿರ ಓಡಿದೆ. ‘ಬೊಂಡ ಮುಗೀತು’ ಅಂದರು. ಅವ್ವ ಕೂತಲ್ಲಿಂದಲೇ, ‘ಬೋಂಡಾ ಬ್ಯಾಡ ಕಣೋ, ನೀರು ಕೇಳು’ ಅಂದಳು. ಆ ಕಡೆ ಎಳನೀರಿಗೆ ಬೊಂಡ ಅನ್ನುತ್ತಾರೆ, ಅವಳ ತಲೆಯಲ್ಲಿ ನಮ್ಮೂರಿನ ಎಣ್ಣೆಯಲ್ಲಿ ಕರಿದ ಬೋಂಡಾ. ಅಂಥ ಹೊತ್ತಿನಲ್ಲೂ ಹೆಂಡತಿಗೆ ನಗು ತಡೆಯಲಿಲ್ಲ. ಮಾರುತ್ತಿದ್ದಾಕೆ ತಾನು ಕುಡಿಯೋಕೆ ಇಟ್ಟುಕೊಂಡಿದ್ದ ನೀರಿನಲ್ಲಿ ಒಂದು ಚೊಂಬು ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಒದ್ದೆ ಟವೆಲ್ ತಲೆಗೆ ಸುತ್ತಿ ಅವ್ವನನ್ನು ಮಲಗಿಸಿದೆವು.

ಈ ಗಡಿಬಿಡಿಯಲ್ಲಿ ಕಲ್ಲಿನ ಮೇಲೆ ಬಿಟ್ಟಿದ್ದ ನಮ್ಮ ಚಪ್ಪಲಿಗಳು ನೆನಪಾದವು. ಹೋಗಿ ನೋಡಿದರೆ ಆ ಕಲ್ಲೇ ಇಲ್ಲ! ನಾವು ಬಂದಾಗ ಇಳಿತ, ಈಗ ಭರತ ಏರುತ್ತಿತ್ತು. ಮೂರು ಜೊತೆಯಲ್ಲಿ ಒಂದೂವರೆ ಜೊತೆ ಸಿಕ್ಕಿತು. ಹೊಸ ಜಾಗದಲ್ಲಿ ನೀರು ಎಲ್ಲಿಯ ತನಕ ಬರುತ್ತದೆ ಅಂತ ಗೊತ್ತಿರೋದಿಲ್ಲ, ಒಣಗಿದ ಕಲ್ಲು ನೋಡಿ ಮಕ್ಕಳನ್ನು ಕೂರಿಸಿ ಆ ಕಡೆ ಈ ಕಡೆ ಹೋಗಬೇಡಿ.

ಬಂದರಿನ ಬೋಟ್ ಹತ್ತಿಸುತ್ತಿದ್ದವರ ಹತ್ತಿರ ಹೋದೆ.

‘ಟಿಕೆಟ್ ಉಂಟಾ?’

‘ಇಲ್ಲ, ಬೇರೆ ಬೋಟಲ್ಲಿ ಬಂದದ್ದು.’

‘ಹಾಗಾದ್ರೆ ಅವರೇ ಬರ್ಬೇಕಲ್ಲ. ನಮ್ಮಲ್ಲಿ ಬಂದವರಿಗೇ ಲೆಕ್ಕ ಉಂಟು. ಮೊದಲು ಅವರನ್ನು ಮುಟ್ಟಿಸ್ಬೇಕು.’

ಕೋಪ ಬಂತು, ಆದರೆ ಅವರು ಹೇಳಿದ್ದು ನ್ಯಾಯವೇ. ಗಾಳಿ ಎದ್ದ ಕಡಲಲ್ಲಿ ಲೆಕ್ಕ ಮೀರಿ ಜನ ತುಂಬಿದರೆ ಎಲ್ಲರೂ ಮುಳುಗೋದೇ. ಎದುರಿಗೆ ಮಲ್ಪೆ ದಡದ ತೆಂಗಿನ ಸಾಲು ಕಾಣುತ್ತಿತ್ತು. ನಮ್ಮ ಕಾರು, ಕಾರಿನಲ್ಲಿ ಬುತ್ತಿ, ನೀರಿನ ಕ್ಯಾನು, ಎಲ್ಲ ಅಲ್ಲೇ. 1498ರಲ್ಲಿ ವಾಸ್ಕೋ ಡ ಗಾಮ ಈ ದ್ವೀಪದಲ್ಲಿ ಇಳಿದು ಇದಕ್ಕೆ ಮೇರಿಯ ಹೆಸರಿಟ್ಟ ಅಂತ ಕಥೆ ಹೇಳುತ್ತಾರಲ್ಲ, ಅವನಿಗೆ ವಾಪಸ್ ಹೋಗೋಕೆ ಹಡಗು ಅವನದೇ ಇತ್ತು ಅಂತ ಭಾಮೈದ ಗೊಣಗಿದ. ಅವನ ಮುಖ ನೋಡಿದೆ, ಮತ್ತೆ ಮಾತಾಡಲಿಲ್ಲ.

ಕೊನೆಯ ಸರದಿಯಲ್ಲಿ, ನಾಲ್ಕೂಮುಕ್ಕಾಲಿಗೆ, ಜಾಗ ಉಳಿದದ್ದರಿಂದ ನಮ್ಮನ್ನೂ ಹತ್ತಿಸಿಕೊಂಡರು. ಐದು ಜನಕ್ಕೆ ಮತ್ತೆ ದುಡ್ಡು. ಆದರೆ ಆ ದೊಡ್ಡ ಬೋಟ್ ದ್ವೀಪದ ತನಕ ಬರೋದಿಲ್ಲ. ಸಣ್ಣ ದೋಣಿಯಲ್ಲಿ ಹೋಗಿ ನಡುನೀರಿನಲ್ಲಿ ಅದಕ್ಕೆ ಹತ್ತಬೇಕು. ದೋಣಿ ಮೇಲೆ ಹೋದಾಗ ಬೋಟ್ ಕೆಳಗೆ, ಬೋಟ್ ಮೇಲೆ ಹೋದಾಗ ದೋಣಿ ಕೆಳಗೆ. ಅವ್ವನಿಗೆ 68 ವರ್ಷ, ಸೀರೆ, ಮಂಡಿ ನೋವು. ‘ಹೇಳಿದಾಗ ಮಾತ್ರ ಕಾಲೆತ್ತಿ ಅಮ್ಮ, ಮೊದಲೇ ಎತ್ತಬೇಡಿ’ ಅಂತ ಇಬ್ಬರು ಹುಡುಗರು ರೆಟ್ಟೆ ಹಿಡಿದು ಎತ್ತಿಕೊಂಡರು. ಮೊಣಕಾಲು ತರಚಿತು, ಅಷ್ಟಕ್ಕೇ ಮುಗಿಯಿತು. ನನ್ನ ಫೋನ್ ಜೇಬಿನಿಂದ ಜಾರಿ ಕಡಲಿಗೆ ಬಿತ್ತು. ಆ ಮನುಷ್ಯನ ನಂಬರ್ ಇದ್ದದ್ದೂ ಅದರಲ್ಲೇ.

ದಡಕ್ಕೆ ಬಂದು ಬೀಚಿನಲ್ಲಿ ಹುಡುಕಿದೆ. ಅಂಥವನು ಯಾರೂ ಗೊತ್ತಿಲ್ಲ ಅಂದರು ಎಲ್ಲರೂ. ದೂರು ಕೊಡೋಣ ಅಂದರೆ ಯಾರ ಮೇಲೆ? ಹೆಸರಿಲ್ಲ, ರಸೀದಿ ಇಲ್ಲ, ಬೋಟ್ ನಂಬರ್ ಇಲ್ಲ. ಮಲ್ಪೆಯ ಬೋಟಿನವರೆಲ್ಲ ಹೀಗೆ ಅಂತ ನಾನು ಹೇಳುತ್ತಿಲ್ಲ. ಅವ್ವನನ್ನು ಎತ್ತಿಕೊಂಡವರೂ ಅಲ್ಲಿಯವರೇ, ನೀರು ಕೊಟ್ಟಾಕೆಯೂ ಅಲ್ಲೇ ದುಡಿಯೋರು.

ಹೆಂಡತಿ ಡಿಸೆಂಬರ್‌ನಲ್ಲಿ ಮತ್ತೆ ಹೋಗೋಣ ಅನ್ನುತ್ತಿದ್ದಾಳೆ, ಅವ್ವನನ್ನು ಬಿಟ್ಟು. ಹೋದರೆ ಹಿಂದಿನ ದಿನವೇ ಉಡುಪಿಗೆ ಬಂದು ಸಂಜೆ ಮಠ ಮುಗಿಸುತ್ತೇವೆ, ಬೆಳಗ್ಗೆ ಮೊದಲ ಬೋಟ್. ಹೋಗಿ ಬರೋ ಎರಡಕ್ಕೂ ಒಂದೇ ಟಿಕೆಟ್, ಕೈಯಲ್ಲಿ ರಸೀದಿ, ಸ್ಟೀಲ್ ಬಾಟಲಿಯಲ್ಲಿ ನೀರು, ಕಾಲಿಗೆ ಹಿಂದೆ ಪಟ್ಟಿ ಇರೋ ಚಪ್ಪಲಿ. ಬಕಲ್ ಇಲ್ಲದ ಜಾಕೆಟ್ ಕೊಟ್ಟರೆ ಹತ್ತೋದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೋಗೋ ಯೋಚನೆಯೇ ಬೇಡ, ಮಳೆಗಾಲದಲ್ಲಿ ಬೋಟ್ ನಿಲ್ಲಿಸುತ್ತಾರೆ, ಕೆಲವು ಸಲ ಮೇ ಮಧ್ಯಕ್ಕೇ ನಿಲ್ಲಿಸಿಬಿಡುತ್ತಾರೆ. ಮೊದಲ ಬೋಟ್ ಎಷ್ಟಕ್ಕೆ ಅಂತ ನನ್ನನ್ನು ಕೇಳಬೇಡಿ, ಅದು ಜನ, ಗಾಳಿ ನೋಡಿ ಬದಲಾಗುತ್ತದೆ. ಹಿಂದಿನ ದಿನ ಬಂದರಿನ ಟಿಕೆಟ್ ಕೌಂಟರಿನಲ್ಲೇ ಕೇಳಿ. ಕೊನೆಯದು ಎಷ್ಟಕ್ಕೆ, ಗಾಳಿ ಎದ್ದರೆ ಏನು ಮಾಡುತ್ತಾರೆ, ಅದನ್ನೂ ಅಲ್ಲೇ ಕೇಳಿ.